ಬೇವಿನ ಗಿಡದತ್ತ ಮೂರು ಬಾಣಗಳು

ವಿಜ್ಞಾನ ಕಲಿಸಿದವಳು ಇಂಥದ್ದನ್ನೆಲ್ಲ ಬರೆಯಬಾರದು ಎಂದು ನನ್ನ ತಮ್ಮ ಹೇಳುತ್ತಾನೆ. ಅವನ ಮಾತು ತಪ್ಪಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದವಳು ನಾನು. ದೆವ್ವ ಕಂಡೆನೆಂದು ಹೇಳಿಕೊಂಡು ಬಂದ ಹುಡುಗನನ್ನು ನಿಲ್ಲಿಸಿ, ಎಷ್ಟು ಹೊತ್ತಿಗೆ ಕಂಡೆ, ಎಷ್ಟು ದೂರದಿಂದ ಕಂಡೆ, ಬೆಳಕು ಎಷ್ಟಿತ್ತು ಎಂದು ಕೇಳುತ್ತ ಹೋಗಿ, ಕೊನೆಗೆ ಅದು ಹಗ್ಗ ಕಿತ್ತುಕೊಂಡು ಬಂದ ಎಮ್ಮೆ ಎಂದು ಅವನ ಬಾಯಿಂದಲೇ ಹೇಳಿಸಿದ್ದೇನೆ. ಊರವರು ಹೇಳುವ ಯಾವ ಪವಾಡವನ್ನೂ ನಾನು ನಂಬಿದವಳಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಒಂದು ಸಂಗತಿ ಉಳಿದುಕೊಂಡಿದೆ. ಅದನ್ನು ಎಲ್ಲಿ ಇಡಬೇಕೆಂದು ನನಗೆ ಇಂದಿಗೂ ತಿಳಿದಿಲ್ಲ.

ಇಂಥ ಕಥೆಗಳು ಸಾಮಾನ್ಯವಾಗಿ ನಡುರಾತ್ರಿಯಲ್ಲಿ ನಡೆಯುತ್ತವೆ, ಹೇಳುವವನ ಹೊರತು ಬೇರೆ ಸಾಕ್ಷಿ ಇರುವುದಿಲ್ಲ. ನನ್ನದು ನಡೆದದ್ದು ಮಧ್ಯಾಹ್ನ ಮೂರೂವರೆಗೆ, ಚುರುಗುಟ್ಟುವ ಬಿಸಿಲಿನಲ್ಲಿ. ಸಾಕ್ಷಿಯಾಗಿ ಆರು ಮಕ್ಕಳಿದ್ದಾರೆ. ಅವರು ಬರೆದ ಮೂರು ವಹಿಗಳು ನನ್ನ ಕಪಾಟಿನಲ್ಲಿವೆ.

ಎಂಬತ್ತರ ದಶಕದ ನಡುವಿನ ಮಾತು. ಯಮನೂರಿನಿಂದ ಎರಡು ಮೂರು ಮೈಲಿ ಕೆಳಗೆ, ಬೆಣ್ಣಿಹಳ್ಳದ ದಂಡೆಯ ಮೇಲಿನ ಒಂದು ಊರಿನಲ್ಲಿ ನಾನು ವಿಜ್ಞಾನದ ಶಿಕ್ಷಕಿಯಾಗಿದ್ದೆ. ನವಲಗುಂದದಲ್ಲಿ ಕೋಣೆ ಹಿಡಿದಿದ್ದೆ, ದಿನಾ ಬಸ್ಸಿಗೆ ಹೋಗಿ ಬರುತ್ತಿದ್ದೆ. ಊರಿಗೆಲ್ಲ ನಾನು ‘ಅಕ್ಕೋರು’. ಪ್ರಯೋಗಶಾಲೆ ಎಂದರೆ ಒಂದು ಬೀರು, ಅದರಲ್ಲಿ ನಾಲ್ಕು ಗಾಜಿನ ನಳಿಕೆ, ಎರಡು ಉಷ್ಣಮಾಪಕ, ಒಂದು ಬಾಟಲಿಯಲ್ಲಿ ಯಾರೋ ಎಂದೋ ಹಾಕಿಟ್ಟ ಚೇಳು.

ನಾವು ಹಳ್ಳಕ್ಕೆ ಇಳಿದದ್ದು ನೀಲವ್ವನ ಒಂದು ಪ್ರಶ್ನೆಯಿಂದ. ಒಂಬತ್ತನೆಯ ಇಯತ್ತೆಯ ಹುಡುಗಿ ಅವಳು. ಅಪ್ಪ ಹನಮಪ್ಪ ಕುರಿ ಕಾಯುತ್ತಿದ್ದ. ಮೇಲಿನ ಹೊಲದವರು ಹತ್ತಿಗೆ ಔಷಧ ಹೊಡೆದ ಮೇಲೆ ತಮ್ಮ ಕುರಿಗಳು ಮೂರು ದಿನ ಹಳ್ಳದ ನೀರು ಮೂಸಿ ನೋಡಿ ತಿರುಗಿ ಬಂದವೆಂದು ಅವಳು ತರಗತಿಯಲ್ಲಿ ಎದ್ದು ನಿಂತು ಹೇಳಿದಳು. ನಮಗೆ ಗೊತ್ತಾಗದ್ದು ಕುರಿಗೆ ಹೇಗೆ ಗೊತ್ತಾಯಿತು ಎಂಬುದು ಅವಳ ಪ್ರಶ್ನೆ. ಪಠ್ಯಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ನನ್ನಲ್ಲಿಯೂ ಇರಲಿಲ್ಲ. ಹಾಗಾದರೆ ಹಳ್ಳವನ್ನೇ ಕೇಳೋಣ ಎಂದೆ.

ಶನಿವಾರ ಮುಂಜಾನೆಯ ಶಾಲೆ. ಅದು ಬಿಟ್ಟ ಮೇಲೆ ಬುತ್ತಿ ಉಂಡು ಆರು ಮಕ್ಕಳು ನನ್ನೊಡನೆ ಹಳ್ಳಕ್ಕೆ ಬರತೊಡಗಿದರು. ಬಿದಿರು ಗಳಕ್ಕೆ ದರ್ಜಿಯ ಟೇಪು ಹಿಡಿದು ಗೆರೆ ಹಾಕಿ ನೀರಿನ ಆಳ ಅಳೆಯುವ ಕೋಲು ಮಾಡಿದೆವು. ಡಬ್ಬಿಯ ಮುಚ್ಚಳಕ್ಕೆ ಬಿಳಿ ಬಣ್ಣ ಬಳಿದು, ದಾರ ಕಟ್ಟಿ ನೀರಿಗೆ ಬಿಟ್ಟು, ಎಷ್ಟು ಆಳಕ್ಕೆ ಅದು ಕಣ್ಮರೆಯಾಗುತ್ತದೆಂದು ನೋಡಿದರೆ ನೀರು ಎಷ್ಟು ತಿಳಿಯಾಗಿದೆ ಎಂಬುದು ಗೊತ್ತಾಗುತ್ತಿತ್ತು. ಹಿಟ್ಟು ಜರಡಿ ಹಿಡಿಯುವ ಸಾಣಿಗೆಯಿಂದ ಹುಳ ಹಿಡಿದು, ಎಣಿಸಿ, ಮತ್ತೆ ನೀರಿಗೇ ಬಿಡುತ್ತಿದ್ದರು. ಕೊಡತಿ ಹುಳವೆಂದು ಅವರು ಬಾಲ ಹಿಡಿದು ಆಡುತ್ತಿದ್ದ ಹಾರುವ ಹುಳದ ಮರಿ ನೀರಿನೊಳಗೆ ಬೆಳೆಯುತ್ತದೆಂದು ಕಂಡ ದಿನ ಆರೂ ಮಂದಿ ಹೊತ್ತು ಮುಳುಗುವವರೆಗೆ ಮನೆಗೆ ಹೋಗಲಿಲ್ಲ. ಊರಲ್ಲಿ, ಅಕ್ಕೋರು ಹುಡುಗರಿಗೆ ಹುಳ ಎಣಿಸುವುದನ್ನು ಕಲಿಸಿದ್ದಾರೆ ಎಂದು ನಗೆಯಾಡಿದರು. ಮಕ್ಕಳು ಅದಕ್ಕೆ ಸೊಪ್ಪು ಹಾಕಲಿಲ್ಲ.

ನೋಡುವ ಜಾಗ ಮೂರು. ಮೇಲೆ ಬಟ್ಟೆ ಒಗೆಯುವ ಕಲ್ಲು, ನಡುವೆ ಚಕ್ಕಡಿ ದಾಟುವ ದಾರಿ, ಕೆಳಗೆ ಜಾಲಿ ಕಂಟಿಯ ತಿರುವು. ಒಂದರಿಂದ ಇನ್ನೊಂದಕ್ಕೆ ಇನ್ನೂರು ಹೆಜ್ಜೆ. ಹಳ್ಳ ಬಳುಕಿ ಹರಿಯುವುದರಿಂದ ಒಂದು ಕಡೆ ನಿಂತವರಿಗೆ ಇನ್ನೊಂದು ಕಡೆಯವರು ಕಾಣುತ್ತಿರಲಿಲ್ಲ. ಒಂದೊಂದು ಕಡೆ ಇಬ್ಬಿಬ್ಬರು. ವಹಿ ಬರೆಯುತ್ತಿದ್ದ ಮೂವರ ಹೆಸರಷ್ಟೇ ಹೇಳುತ್ತೇನೆ. ಮೇಲೆ ನೀಲವ್ವ, ನಡುವೆ ಪೋಸ್ಟ್ ಮಾಸ್ತರರ ಮಗ ರಾಘವೇಂದ್ರ, ಕೆಳಗೆ ಈರಣ್ಣ. ಆರು ಮಂದಿಗೆ ಸೇರಿ ಒಂದೇ ಕೈಗಡಿಯಾರ, ರಾಘವೇಂದ್ರನ ಅಪ್ಪನದು. ಉಳಿದವರು ದೂರದ ಸೇತುವೆ ದಾಟುವ ಬಸ್ಸಿನ ಸದ್ದು ಹಿಡಿದು ಹೊತ್ತು ಬರೆಯುತ್ತಿದ್ದರು.

ವಹಿಯ ವಿಷಯದಲ್ಲಿ ನಾನು ಬಹಳ ಬಿಗಿ. ಕಂಡದ್ದನ್ನು ಕಂಡಲ್ಲಿಯೇ ನಿಂತು ಬರೆಯಬೇಕು. ಬರೆದದ್ದನ್ನು ಅಳಿಸಬಾರದು. ಕಾಣದೆ ಬರೀ ಕೇಳಿಸಿದ ಹಕ್ಕಿಯನ್ನೂ ಬಿಡಬಾರದು, ಪ್ರತಿ ಪುಟದಲ್ಲಿ ಹಳ್ಳದ ಸಣ್ಣ ನಕಾಶೆ ಇತ್ತು, ಅದರ ಮೇಲೆ ದನಿ ಯಾವ ದಿಕ್ಕಿನಿಂದ ಬಂತೋ ಆ ಕಡೆಗೆ ಒಂದು ಬಾಣ ಎಳೆಯಬೇಕು. ಇದೆಲ್ಲ ಅವರಿಗೆ ಎಷ್ಟು ರೂಢಿಯಾಗಿತ್ತೆಂದರೆ, ಜಗಳಾಡುವಾಗಲೂ ಯಾವ ದಿಕ್ಕಿನಿಂದ ಬೈದೆ ಎಂದು ಕೇಳಿಕೊಳ್ಳುತ್ತಿದ್ದರು.

ಆ ಶನಿವಾರ ನನಗೆ ಗಂಟಲು ಕಟ್ಟಿ ಮೂರನೆಯ ದಿನ. ಬಾತುಕೊಂಡು ದನಿ ಪೂರ್ತಿ ಹೋಗಿತ್ತು. ಪಿಸುಮಾತು ಕೂಡ ಬರುತ್ತಿರಲಿಲ್ಲ. ತರಗತಿಯಲ್ಲಿ ಎಲ್ಲವನ್ನೂ ಫಳಿಯ ಮೇಲೆ ಬರೆದು ತೋರಿಸುತ್ತಿದ್ದೆ. ಮನೆಗೆ ಹೋಗಿ ಮಲಗಬಹುದಿತ್ತು, ಆದರೆ ಒಂದು ವಾರದ ಅಳತೆ ತಪ್ಪಿದರೆ ನಕ್ಷೆಯಲ್ಲಿ ಕಂಡಿ ಬೀಳುತ್ತದೆಂಬ ಹಟ. ಮಕ್ಕಳನ್ನು ಅವರವರ ಜಾಗಕ್ಕೆ ಕಳಿಸಿ, ಯಾವಾಗಲೂ ಕೂರುವ ಪಂಪಿನ ಮನೆಯ ಕಟ್ಟೆಗೆ ಹೋದೆ. ಅಲ್ಲಿ ಯಾರೋ ಉಳ್ಳಾಗಡ್ಡಿ ಹರವಿದ್ದರು. ಘಾಟು ತಡೆಯಲಾಗದೆ, ಹೊಲದ ಬದುವಿನ ಗುಂಟ ನಡೆದು, ದೂರದ ಒಂದು ಬೇವಿನ ಗಿಡದ ಕೆಳಗೆ ಕುಳಿತೆ. ನಡುವಿನ ಜಾಗದಿಂದ ಆ ಗಿಡಕ್ಕೆ ಮುನ್ನೂರು ಹೆಜ್ಜೆಯಾಗುತ್ತದೆ, ಉಳಿದೆರಡರಿಂದ ಇನ್ನೂ ಹೆಚ್ಚು. ನಡುವೆ ಎರಡಾಳು ಎತ್ತರದ ದಂಡೆ, ಜಾಲಿ ಕಂಟಿ. ನಾನು ಜಾಗ ಬದಲಿಸಿದ್ದು ಮಕ್ಕಳಿಗೆ ಗೊತ್ತಿರಲಿಲ್ಲ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ.

ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ನಾನು ಹಿಂದಿನ ವಾರದ ಅಂಕಿಗಳನ್ನು ದೊಡ್ಡ ಹಾಳೆಗೆ ಇಳಿಸುತ್ತಿದ್ದೆ. ನಿದ್ದೆ ಬಂದಿರಲಿಲ್ಲ, ಜ್ವರವೂ ಇರಲಿಲ್ಲ. ಏನೂ ಕೇಳಿಸಲಿಲ್ಲ.

ತಲೆ ಎತ್ತಿದಾಗ ಮಕ್ಕಳು ಬರುತ್ತಿದ್ದರು. ಮೂರು ಕಡೆಯಿಂದ ಇಬ್ಬಿಬ್ಬರು, ಮೊಣಕಾಲವರೆಗೆ ಒದ್ದೆಯಾಗಿ, ವಹಿಯನ್ನು ಎದೆಗೆ ಅವಚಿಕೊಂಡು ಓಡಿ ಬರುತ್ತಿದ್ದರು. ಪಂಪಿನ ಮನೆಯತ್ತ ಒಬ್ಬರೂ ತಿರುಗಿ ನೋಡಲಿಲ್ಲ. ನೇರವಾಗಿ ನಾನಿದ್ದಲ್ಲಿಗೆ ಬಂದರು. ಮೊದಲು ಮುಟ್ಟಿದವಳು ನೀಲವ್ವ. ಏದುಸಿರು ಬಿಡುತ್ತ, “ಯಾಕ ಕರದ್ರಿ ಅಕ್ಕೋರ?” ಎಂದು ಕೇಳಿದಳು.

ಮುಂದಿನದನ್ನು ಬರೆಯಲು ನನಗೆ ಈಗಲೂ ಕಷ್ಟ. ನನಗೆ ಸಿಟ್ಟು ಬಂತು. ಆಟಕ್ಕೆ ಬಿದ್ದು ಕೆಲಸ ಬಿಟ್ಟು ಬಂದಿದ್ದಾರೆ, ನನ್ನ ದನಿ ಹೋದದ್ದನ್ನು ಗೇಲಿ ಮಾಡುತ್ತಿದ್ದಾರೆ ಎನ್ನಿಸಿತು. ಕೈಯಲ್ಲಿದ್ದ ಹಾಳೆಯ ಮೂಲೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದೆ: ‘ನಾನು ಕರೆದಿಲ್ಲ. ತಿರುಗಿ ಹೋಗಿ ಕೆಲಸ ಮುಗಿಸಿರಿ.’

ಆರೂ ಮಂದಿ ಅದನ್ನು ಓದಿದರು. ನನ್ನ ಮಾತು ಮೀರಿದ ಮಕ್ಕಳಲ್ಲ ಅವರು. ಈರಣ್ಣ ತಿರುಗಿ ನಾಲ್ಕು ಹೆಜ್ಜೆ ಇಟ್ಟೂ ಇಟ್ಟ. ನೀಲವ್ವ ಮಾತ್ರ ಅಲುಗಲಿಲ್ಲ.

“ಕರದ್ರಲ್ಲರಿ. ‘ಮ್ಯಾಲ ಬರ್ರಿ, ಲಗೂ ಬರ್ರಿ’ ಅಂದ್ರಿ. ನಾ ಬರಕೊಂಡೇನ್ರಿ” ಎಂದು ವಹಿ ತೆಗೆದು ನನ್ನ ಮುಂದೆ ಹಿಡಿದಳು.

ರಾಘವೇಂದ್ರ ತನ್ನ ವಹಿಯನ್ನೂ ತೆಗೆದ. ತನಗೂ ಅದೇ ಮಾತು ಕೇಳಿಸಿತು ಎಂದ. ಈರಣ್ಣ ಹೊರಳಿ ಬಂದು, ತಾನು ಕೇಳಿದ್ದು ಎರಡು ಸಲ ಎಂದ. ಹೀಗೆ ಅವರು ಹೇಳುತ್ತ, ನಾನು ತಲೆ ಅಲ್ಲಾಡಿಸುತ್ತ, ನಾಲ್ಕೈದು ನಿಮಿಷ ಕಳೆದಿರಬೇಕು. ಅಷ್ಟರಲ್ಲಿ ಹಳ್ಳದ ಕಡೆಯಿಂದ ಜಲ್ಲಿ ತುಂಬಿದ ಲಾರಿ ಖಾಲಿ ಮಾಡಿದಂಥ ಒಂದು ಸದ್ದು ಬಂತು. ಅದು ನಿಲ್ಲಲಿಲ್ಲ.

ಬೆಣ್ಣಿಹಳ್ಳದ ಗುಣ ಆ ಭಾಗದವರಿಗೆ ಗೊತ್ತು. ಕುಂದಗೋಳದ ಕಡೆ ಮಳೆಯಾದರೆ ನಮ್ಮಲ್ಲಿ ಬಿಸಿಲಿರುವಾಗಲೇ ನೀರು ಬರುತ್ತದೆ. ನಾವು ದಂಡೆಗೆ ಹೋಗಿ ನೋಡಿದಾಗ ಚಕ್ಕಡಿ ದಾರಿ ಇರಲಿಲ್ಲ, ಬಟ್ಟೆ ಒಗೆಯುವ ಕಲ್ಲು ಇರಲಿಲ್ಲ. ಕರಿಮಣ್ಣಿನ ಬಣ್ಣದ ನೀರು ಜಾಲಿ ಗಿಡಗಳನ್ನು ಬೇರು ಸಹಿತ ಹೊತ್ತುಕೊಂಡು ದಂಡೆಯ ಅರ್ಧಕ್ಕೂ ಮೇಲೆ ಹೋಗುತ್ತಿತ್ತು. ಹಿಂದಿನ ರಾತ್ರಿ ಮೇಲೆ ದೊಡ್ಡ ಮಳೆಯಾಗಿತ್ತೆಂದು ಸಂಜೆಗೆ ತಿಳಿಯಿತು. ಮುಂಜಾನೆ ಅದನ್ನು ವಿಚಾರಿಸುವುದು ನನ್ನ ಕೆಲಸವಾಗಿತ್ತು, ನಾನು ವಿಚಾರಿಸಿರಲಿಲ್ಲ. ಮಕ್ಕಳ ಕೋಲು, ಸಾಣಿಗೆ, ಬಿಳಿ ಮುಚ್ಚಳ ಎಲ್ಲ ಹೋಗಿದ್ದವು. ಆರು ಮಕ್ಕಳು ನನ್ನ ಪಕ್ಕ ನಿಂತಿದ್ದರು. ನಾನು ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದೆ. ಮತ್ತೆ ಎಣಿಸಿದೆ.

ಸಂಜೆಯೊಳಗೆ ಸುದ್ದಿ ಊರೆಲ್ಲ ಹರಡಿತು. ಅಕ್ಕೋರು ಕೂಗಿ ಕರೆದು ಮಕ್ಕಳನ್ನು ಉಳಿಸಿದರು ಎಂದು. ಹೆಂಗಸರು ಬಂದು ಉಡಿ ತುಂಬಿದರು. ಹನಮಪ್ಪ ಕಂಬಳಿ ಕೆಳಗಿಟ್ಟು ಕೈ ಮುಗಿದ. ನಾನು ಅಲ್ಲ ಅಲ್ಲ ಎಂದು ತಲೆ ಅಲ್ಲಾಡಿಸಿದರೆ ಅದನ್ನು ಸಂಕೋಚವೆಂದು ತಿಳಿದರು. ದನಿಯಿಲ್ಲದವಳು ಕೂಗಿದ್ದು ಹೇಗೆ ಎಂದು ಒಬ್ಬರೂ ಕೇಳಲಿಲ್ಲ. ಮೂರು ದಿನ ಆ ಮರ್ಯಾದೆಯನ್ನು ಹೊತ್ತುಕೊಂಡು ಓಡಾಡಿದೆ.

ದನಿ ಬಂದ ಮೇಲೆ ಮೊದಲು ಹನಮಪ್ಪನ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ತಿರುಗಿ ನೀರಿಗೆ ಹೋಗೆಂದು ಬರೆದು ತೋರಿಸಿದ್ದನ್ನೂ ಹೇಳಿದೆ. ಅವನು ಕಂಬಳಿ ಹಾಸಿ ನನ್ನನ್ನು ಕೂರಿಸಿದ. “ನೀವ ಕರದ್ರೂ ಅಷ್ಟ, ಮತ್ತ ಯಾರರ ಕರದ್ರೂ ಅಷ್ಟರಿ. ಹುಡಗಿ ಮನ್ಯಾಗ ಅದಾಳ” ಎಂದ. ಮರುದಿನ ಯಮನೂರಿನ ದರ್ಗಾಕ್ಕೆ ಹೋಗಿ ಹರಕೆಯ ಸಕ್ಕರೆ ಓದಿಸಿಕೊಂಡು ಬಂದ. ಅವನ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು.

ನನಗೆ ಮುಗಿಯಲಿಲ್ಲ. ಧಾರವಾಡದಲ್ಲಿ ಶಾಲೆಗಳ ವಿಜ್ಞಾನ ಪ್ರದರ್ಶನವಿತ್ತು, ನಮ್ಮ ಹಳ್ಳದ ವಹಿಗಳು ಅಲ್ಲಿಗೆ ಹೋಗಬೇಕಿತ್ತು. ಮುಖ್ಯಾಧ್ಯಾಪಕರು ನನ್ನನ್ನು ಕರೆದು ನೀಲವ್ವನ ವಹಿಯ ಆ ಪುಟ ತೋರಿಸಿದರು. ಮುತ್ತಿನಂಥ ಅಕ್ಷರದಲ್ಲಿ ಹೀಗಿತ್ತು: ‘ಬಸ್ಸು ಸೇತುವೆ ದಾಟಿದ ಸ್ವಲ್ಪ ಹೊತ್ತಿಗೆ ಅಕ್ಕೋರು ಕರೆದರು. ಬಾಣದ ಕಡೆಯಿಂದ. ಮೇಲೆ ಬಂದೆವು. ಅಕ್ಕೋರು ತಾವು ಕರೆದಿಲ್ಲವೆಂದು ಬರೆದು ತೋರಿಸಿದರು. ತಿರುಗಿ ಹೋಗಲು ಹೇಳಿದರು. ಆಮೇಲೆ ಹಳ್ಳ ಬಂತು.’ ಮುಖ್ಯಾಧ್ಯಾಪಕರು ಒಳ್ಳೆಯ ಮನುಷ್ಯ, ನನ್ನ ಮೇಲಿನ ಕಾಳಜಿಯಿಂದಲೇ ಹೇಳಿದರು. ಇದನ್ನು ಮೇಲಿನವರು ಓದಿದರೆ ನಿಮ್ಮ ನೌಕರಿಗೇ ಬಂದೀತು, ಒಂದು ಪುಟದ ಮಾತು, ಬೇರೆ ಬರೆಸಿಬಿಡಿ ಎಂದರು.

ನಾನು ಒಪ್ಪಿದೆ. ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದೇನೆ, ಒಪ್ಪಿದೆ. ನೀಲವ್ವನನ್ನು ಕರೆದು ಹೊಸ ವಹಿ ಕೊಟ್ಟು, ಆ ಒಂದು ದಿನದ್ದನ್ನು ಬಿಟ್ಟು ಉಳಿದದ್ದನ್ನು ನಕಲು ಮಾಡು ಎಂದೆ. ಅವಳು ಹೊಸ ವಹಿಯನ್ನು ಮುಟ್ಟಲಿಲ್ಲ.

“ನೀವು ಹೇಳಿದ್ರ ಬರದು ಕೊಡತೇನ್ರಿ ಅಕ್ಕೋರ. ಆದ್ರ ಅದು ಹಳ್ಳದ ವಹಿ ಆಗೂದಿಲ್ರಿ.”

ಹದಿನಾಲ್ಕು ವರ್ಷದ ಹುಡುಗಿ. ದನಿಯಲ್ಲಿ ಹಟವಿರಲಿಲ್ಲ, ನನ್ನನ್ನು ಸಿಕ್ಕಿಸಬೇಕೆಂಬ ಜಾಣತನವಿರಲಿಲ್ಲ. ನೀರಿನ ಆಳ ಇಷ್ಟು ಎಂದು ಹೇಳುವಾಗ ಹೇಗೆ ಹೇಳುತ್ತಿದ್ದಳೋ ಹಾಗೆಯೇ ಹೇಳಿದಳು. ನಾಚಿಕೆಯಿಂದ ನನ್ನ ಮುಖ ಬಿಸಿಯಾಯಿತು. ಅದರ ಬೆನ್ನಿಗೇ ನನ್ನೊಳಗೆ ಎದ್ದದ್ದನ್ನು ಹೆಮ್ಮೆ ಎನ್ನದೆ ಬೇರೆ ಏನೆನ್ನಲಿ? ನೌಕರಿಗೆ ಸೇರಿದಂದಿನಿಂದ ಅಷ್ಟು ಹೆಮ್ಮೆ ನನಗೆ ಯಾವತ್ತೂ ಆಗಿರಲಿಲ್ಲ. ಹೊಸ ವಹಿಯನ್ನು ಬೀರುವಿನಲ್ಲಿ ಚೇಳಿನ ಬಾಟಲಿಯ ಪಕ್ಕ ಇಟ್ಟು ಬಂದೆ. ಪುಟ ಹಾಗೆಯೇ ಉಳಿಯಿತು.

ಮಕ್ಕಳು ಅಷ್ಟಕ್ಕೇ ಬಿಡಲಿಲ್ಲ. ರಾಘವೇಂದ್ರ ದೊಡ್ಡ ನಕಾಶೆ ಹರವಿ, ಮೂರು ವಹಿಗಳ ಬಾಣಗಳನ್ನು ಫೂಟಪಟ್ಟಿ ಹಿಡಿದು ಅದರ ಮೇಲೆ ಎಳೆದ. ಮೂರು ಗೆರೆಗಳೂ ಒಂದೇ ಕಡೆ ಹೋಗಿ ಕೂಡಿದವು. ಹೊಲದ ಬದುವಿನ ಆಚೆ, ಆ ಬೇವಿನ ಗಿಡ ಇರುವಲ್ಲಿ. ಈರಣ್ಣ ತನ್ನ ಬಾಣದ ಪಕ್ಕ, ‘ಕೈ ಒದ್ದೆ ಇತ್ತು, ಇದನ್ನು ಮೇಲೆ ಬಂದ ಮೇಲೆ ಎಳೆದದ್ದು’ ಎಂದು ಬರೆದಿದ್ದ. ಆದ್ದರಿಂದ ಅದನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಅವನೇ ವಾದಿಸಿದ. ಅದನ್ನು ಬಿಟ್ಟರೂ ಎರಡು ಉಳಿದವು. ಅವೆರಡೂ ನೀರಿನಲ್ಲಿ ನಿಂತೇ ಎಳೆದದ್ದು, ಆಗ ನಾನು ಗಿಡದ ಕೆಳಗೆ ಇದ್ದೇನೆಂದು ಅವರಿಗೆ ಗೊತ್ತೇ ಇರಲಿಲ್ಲ.

ಆಮೇಲೆ ಅವರೇ ಒಂದು ಪ್ರಯೋಗ ಗೊತ್ತುಮಾಡಿದರು. ಹಳ್ಳ ಇಳಿದ ಮೇಲಿನ ಶನಿವಾರ, ಅದೇ ಹೊತ್ತಿಗೆ, ಮೇಲಿನ ಊರುಗಳಲ್ಲಿ ಮಳೆಯಿಲ್ಲವೆಂದು ಪೋಸ್ಟ್ ಮಾಸ್ತರರಿಂದ ಫೋನ್ ಮಾಡಿಸಿ ಖಾತ್ರಿ ಮಾಡಿಕೊಂಡು, ನನ್ನನ್ನು ಗಿಡದ ಕೆಳಗೆ ನಿಲ್ಲಿಸಿದರು. ತಾವು ಮೂರು ಜಾಗಕ್ಕೆ ಹೋದರು. ಹತ್ತು ಸಲ ಕೂಗಬೇಕು, ಯಾವಾಗ ಕೂಗುತ್ತೇನೆಂದು ಅವರಿಗೆ ತಿಳಿಸಬಾರದು. ನಾನು ನನ್ನ ಶಕ್ತಿ ಇರುವಷ್ಟೂ ಕೂಗಿದೆ. ಗಂಟಲು ಮತ್ತೆ ಕಟ್ಟೀತೆಂದು ಹೆದರುವಷ್ಟು ಕೂಗಿದೆ. ಮೇಲಿನ ಮತ್ತು ಕೆಳಗಿನ ವಹಿಗಳಲ್ಲಿ ಒಂದು ಸಲವೂ ಇಲ್ಲ. ನಡುವಿನದರಲ್ಲಿ ಎರಡು ಸಲ, ‘ಏನೋ ದನಿ, ಮಾತು ತಿಳಿಯಲಿಲ್ಲ’ ಎಂದಿತ್ತು. ಅಂದು ಗಾಳಿ ಗಿಡದಿಂದ ಹಳ್ಳದ ಕಡೆಗೆ ಬೀಸುತ್ತಿತ್ತು. ನೀರು ಬಂದ ದಿನ ಗಾಳಿ ಹಳ್ಳದಿಂದ ಗಿಡದ ಕಡೆಗಿತ್ತೆಂದು ಮೂರು ವಹಿಗಳಲ್ಲೂ ಬರೆದಿದೆ. ಹಾಗಾದರೆ ನೀರು ಬಂದ ದಿನ ಅಷ್ಟು ಕೂಡ ಕೇಳಬಾರದಿತ್ತು.

ಪ್ರದರ್ಶನದಲ್ಲಿ ನಮ್ಮ ಮಕ್ಕಳು ಹತ್ತಿಗೆ ಔಷಧ ಹೊಡೆದ ವಾರಗಳಲ್ಲಿ ನೀರಿನ ಹುಳಗಳು ಹೇಗೆ ಕಡಿಮೆಯಾದವು, ಮತ್ತೆ ಹೇಗೆ ಬಂದವು ಎಂಬುದನ್ನು ನಕ್ಷೆ ಹಾಕಿ ತೋರಿಸಿದರು. ಇಸ್ತ್ರಿ ಮಾಡಿದ ಅಂಗಿಯ ಮಡಿಕೆ ಮುರಿಯದಂತೆ ನಿಂತಿದ್ದ ಪೇಟೆಯ ಶಾಲೆಗಳ ಮಕ್ಕಳ ನಡುವೆ, ಕಾಲಿನ ಉಗುರಲ್ಲಿ ಹಳ್ಳದ ಕೆಸರಿದ್ದ ನಮ್ಮ ಆರು ಮಂದಿ. ಪರೀಕ್ಷೆಗೆ ಬಂದ ವಯಸ್ಸಾದ ಪ್ರಾಧ್ಯಾಪಕರೊಬ್ಬರು ಆ ಪುಟವನ್ನು ಬಹಳ ಹೊತ್ತು ಓದಿದರು. ನನ್ನ ಕಡೆ ನೋಡಲಿಲ್ಲ. ನೀಲವ್ವನನ್ನು ಕೇಳಿದರು, ಇದಕ್ಕೆ ಕಾರಣ ಏನೆಂದು ನಿನಗೆ ಅನ್ನಿಸುತ್ತದೆ ಎಂದು.

“ಗೊತ್ತಿಲ್ರಿ” ಎಂದಳು ಅವಳು. “ಗೊತ್ತಾಗಿದ್ರ ಬರೀತಿದ್ವಿ.”

ಎರಡನೆಯ ಬಹುಮಾನ ಬಂತು. ಮೊದಲನೆಯದು ಬಲ್ಬು ಹೊತ್ತಿ ಆರುವ ಜ್ವಾಲಾಮುಖಿಗೆ ಹೋಯಿತು. ಬಸ್ಸಿನಲ್ಲಿ ತಿರುಗಿ ಬರುವಾಗ ಈರಣ್ಣ ಅದರ ಬಲ್ಬು ಚೆನ್ನಾಗಿತ್ತು ಎಂದ. ಉಳಿದವರು ನಕ್ಕರು. ನನಗೆ ಕಣ್ಣು ತುಂಬಿ ಬಂದು ಕಿಟಕಿಯ ಕಡೆ ಮುಖ ಮಾಡಿದೆ. ಆ ಪುಟದಿಂದ ನನ್ನ ನೌಕರಿಗೇನೂ ಆಗಲಿಲ್ಲ. ಆಗಿದ್ದರೂ ನಾನು ದೂರುತ್ತಿರಲಿಲ್ಲ.

ನೀವು ಕೇಳುವ ಪ್ರಶ್ನೆಗಳನ್ನೆಲ್ಲ ನಾನೂ ಕೇಳಿಕೊಂಡಿದ್ದೇನೆ. ನೀರು ಬರುವ ಮೊದಲು ಗಾಳಿಯಲ್ಲಿ, ವಾಸನೆಯಲ್ಲಿ ಏನೋ ಬದಲಾಗಿರಬೇಕು, ಕುರಿಗೆ ತಿಳಿಯುವಂತೆ ಮಕ್ಕಳಿಗೂ ತಿಳಿದು, ಅವರ ಮನಸ್ಸು ಅದಕ್ಕೆ ತಾವು ತಪ್ಪದೆ ಕೇಳುವ ದನಿಯನ್ನು ಕೊಟ್ಟಿರಬೇಕು. ಇದು ನಾನೇ ಕಟ್ಟಿಕೊಂಡ ವಿವರಣೆ, ಹಲವು ವರ್ಷ ಇದರಲ್ಲೇ ಸಮಾಧಾನಪಟ್ಟುಕೊಂಡೆ. ಆದರೆ ಒಬ್ಬರಿಗೊಬ್ಬರು ಕಾಣದ ಮೂರು ಜಾಗದಲ್ಲಿ ಅದೇ ಮಾತು ಯಾಕೆ? ಪಂಪಿನ ಮನೆಯನ್ನು ಬಿಟ್ಟು ಬಾಣಗಳು ಗಿಡದತ್ತ ಹೋದದ್ದು ಯಾಕೆ? ಇಲ್ಲಿಗೆ ಬಂದು ನನ್ನ ವಿವರಣೆ ನಿಂತುಬಿಡುತ್ತದೆ.

ನೀಲವ್ವ ಈಗ ಗುಡಗೇರಿಯ ಕಡೆ ಶಿಕ್ಷಕಿ. ಕಳೆದ ವರ್ಷ ಧಾರವಾಡಕ್ಕೆ ಬಂದವಳು ನಮ್ಮ ಮನೆಯಲ್ಲಿ ಊಟ ಮಾಡಿದಳು. ಇಷ್ಟು ವರ್ಷ ದಿಕ್ಕು, ದೂರ, ಹೊತ್ತು ಎಲ್ಲ ಕೇಳಿದ್ದೆ, ಒಂದನ್ನು ಮಾತ್ರ ಕೇಳಿರಲಿಲ್ಲ. ಅಂದು ಕೇಳಿದೆ. ಆ ದನಿ ಹೇಗಿತ್ತು, ಗಂಟಲು ಕಟ್ಟಿದಂತಿತ್ತೇ?

ಅವಳು ತಡಮಾಡಲಿಲ್ಲ. “ಇಲ್ರಿ, ಅಗದಿ ಸ್ವಚ್ಛ ಇತ್ತು. ನಿಮ್ಮದು ಅಷ್ಟು ದೊಡ್ಡ ದನಿ ಅಂತ ನಮಗ ಅವತ್ತ ಗೊತ್ತಾತ್ರಿ ಅಕ್ಕೋರ” ಎಂದಳು.

ನಾನು ಅವಳ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದೆ. ನನ್ನದು ಅಷ್ಟು ದೊಡ್ಡ ದನಿ ಅಲ್ಲ. ಎಂದೂ ಆಗಿರಲಿಲ್ಲ.